ಮೇಜಿನ ಮೇಲೊಂದು ರಣರಂಗ: ಪುಟಾಣಿ ಸೇನೆ ನಡೆಸುವವರಿಗೆ 16 ಸೂತ್ರಗಳು

ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ವಾರಕ್ಕೊಂದು ಸಂಜೆ ಸಮುದಾಯ ಭವನವೋ ಚರ್ಚಿನ ಹಾಲೋ ರಣರಂಗವಾಗುತ್ತದೆ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆ, ಎರಡು ಗುಡ್ಡ, ಒಂದು ಹಳ್ಳ, ಒಂದು ತೋಟದ ಮನೆ. ಎರಡೂ ಬದಿಗೆ ಹೆಬ್ಬೆರಳಿನ ಎತ್ತರವೂ ಇಲ್ಲದ ನೂರಾರು ಸೈನಿಕರು. ಒಬ್ಬೊಬ್ಬನ ಕೋಟಿಗೂ ಯಾರೋ ಕೂತು ಕುಂಚದಲ್ಲಿ ಬಣ್ಣ ಕೊಟ್ಟಿರುತ್ತಾರೆ. ದಾಳ ಉರುಳುತ್ತದೆ, ಅಳತೆಯ ಟೇಪು ಬಿಚ್ಚಿಕೊಳ್ಳುತ್ತದೆ, 1815ರ ವಾಟರ್‌ಲೂ ಮತ್ತೊಮ್ಮೆ ಶುರುವಾಗುತ್ತದೆ. ಈ ಸಲ ನೆಪೋಲಿಯನ್ ಗೆದ್ದರೂ ಗೆಲ್ಲಬಹುದು.

ಪ್ರಷ್ಯದ ಯುವ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ತಂದೆಯ ಆಟವನ್ನು ತಿದ್ದಿ 1824ರಲ್ಲಿ ಅಧಿಕಾರಿಗಳ ತರಬೇತಿಗೆಂದು ಕೊಟ್ಟ ‘ಕ್ರೀಗ್ಸ್‌ಶ್ಪೀಲ್’ ಈ ಹವ್ಯಾಸದ ಹಿರಿಯಜ್ಜ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಮನೆಯ ಆಟಿಕೆ ಸೈನಿಕರಿಗೆ ನಿಯಮ ಕಟ್ಟಿದರು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಅವರ ‘ವಾರ್ ಗೇಮ್ಸ್’ ಬಂದ ಮೇಲೆ ಬ್ರಿಟನ್ನಿನಲ್ಲಿ ಇದಕ್ಕೆ ನಿಜವಾದ ರೆಕ್ಕೆ ಮೂಡಿತು. ಕೆಲಸ ಹಿಡಿದು ಅಲ್ಲಿ ನೆಲೆಸಿರುವ ಕನ್ನಡಿಗರಿಗೆ, ಊರಿನವರ ಜೊತೆ ಬರೀ ಹವಾಮಾನದ ಮಾತಿಗೆ ನಿಲ್ಲದ ಸ್ನೇಹ ಬೇಕೆಂದರೆ, ಇದು ಬಲು ಒಳ್ಳೆಯ ದಾರಿ.

ಇಲ್ಲಿ ಯಶಸ್ಸನ್ನು ಅಳೆಯಲು ನನ್ನ ಬಳಿ ಎರಡೇ ಪ್ರಶ್ನೆಗಳಿವೆ. ಎದುರಾಳಿಗೆ ಮುಂದಿನ ವಾರ ಮತ್ತೆ ನಿಮ್ಮೊಡನೆ ಆಡಬೇಕು ಅನ್ನಿಸಿತೇ? ಆ ಕಾಳಗದ ಬಗ್ಗೆ ನಿಮಗೆ ನಿನ್ನೆಗಿಂತ ಇಂದು ಹೆಚ್ಚು ತಿಳಿಯಿತೇ? ಮೇಜಿನ ಮೇಲಿನ ಗೆಲುವು ಇವೆರಡರ ನಂತರ ಬರುವಂಥದ್ದು. ಕೆಳಗಿನ ಸೂತ್ರಗಳೆಲ್ಲ ಈ ನಂಬಿಕೆಯಿಂದಲೇ ಹುಟ್ಟಿದವು.

1. ಮೊದಲ ಸಂಜೆ ಬರಿಗೈಯಲ್ಲಿ ಹೋಗಿ

ಪೆಟ್ಟಿಗೆ, ಬಣ್ಣ, ಪುಸ್ತಕ ಏನನ್ನೂ ಕೊಳ್ಳಬೇಡಿ. ಬರುತ್ತೇನೆಂದು ಕ್ಲಬ್ಬಿನ ಕಾರ್ಯದರ್ಶಿಗೆ ಒಂದು ಮಾತು ಮುಂಚೆ ತಿಳಿಸಿ ಹೋಗಿ, ಎಲ್ಲ ಮೇಜುಗಳನ್ನೂ ಸುತ್ತಿ ನೋಡಿ. ಆಟದ ನಡುವೆ ಇರುವವರನ್ನು ಸರದಿ ಮುಗಿದಾಗ ಮಾತನಾಡಿಸಿ. ಹೊಸಬರಿಗೆ ಒಂದು ದಳವನ್ನು ಕೈಗಿತ್ತು ಆಡಿಸುವುದು ಹೆಚ್ಚಿನ ಕ್ಲಬ್ಬುಗಳ ರೂಢಿ. ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಆದರೆ ಕೇಳದೆ ಯಾರ ಸೈನಿಕನನ್ನೂ ಮುಟ್ಟಬೇಡಿ. ಮುಟ್ಟುವಾಗಲೂ ಬುಡ ಹಿಡಿದು ಎತ್ತಿ, ಈಟಿಯ ತುದಿ ಹಿಡಿದಲ್ಲ.

2. ಯಾವ ಕಾಲದ ಯುದ್ಧ ಎಂಬುದನ್ನು ಕ್ಲಬ್ಬನ್ನು ಕೇಳಿ ತೀರ್ಮಾನಿಸಿ

ರೋಮ್ ಮತ್ತು ಕಾರ್ತೇಜ್, ಮಧ್ಯಯುಗ, ಹದಿನೇಳನೆಯ ಶತಮಾನದ ಇಂಗ್ಲಿಷ್ ಅಂತರ್ಯುದ್ಧ, ನೆಪೋಲಿಯನ್ ಕಾಲ, ಅಮೆರಿಕದ ಅಂತರ್ಯುದ್ಧ, ಎರಡನೆಯ ಮಹಾಯುದ್ಧ: ಮತ್ತೆ ಮತ್ತೆ ಕಾಣುವವು ಇವು. ನಿಮ್ಮ ಮನಸ್ಸು ಬೈಜಾಂಟಿಯಮ್ ಕಡೆಗೆ ಎಳೆಯುತ್ತಿರಬಹುದು. ಆದರೆ ಕ್ಲಬ್ಬಿನಲ್ಲಿ ಅದಕ್ಕೆ ಎದುರು ನಿಲ್ಲುವ ಒಂದು ಪಡೆಯೂ ಇಲ್ಲದಿದ್ದರೆ ಆರು ತಿಂಗಳ ಶ್ರಮ ಕಪಾಟಿನಲ್ಲೇ ಉಳಿಯುತ್ತದೆ.

ಅಳತೆಯದ್ದೂ ಇದೇ ಕಥೆ. ಸೈನಿಕರು 6, 10, 15, 20, 28 ಮಿಲಿಮೀಟರ್ ಎತ್ತರಗಳಲ್ಲಿ ಸಿಗುತ್ತಾರೆ. ಎತ್ತರ ಒಂದೇ ಆದರೆ ಸಾಲದು, ನಿಲ್ಲಿಸುವ ತಟ್ಟೆಯ ಅಗಲವೂ ಹೊಂದಬೇಕು. ಪ್ರಾಚೀನ ಕಾಲದ ಆಟಗಳಲ್ಲಿ 15 ಮಿ.ಮೀ. ಸೈನಿಕರಿಗೆ 40 ಮಿ.ಮೀ. ಅಗಲ, 28ರವರಿಗೆ 60 ಮಿ.ಮೀ. ಅಗಲ ಎಂಬುದು ದಶಕಗಳಿಂದ ನಿಂತ ವಾಡಿಕೆ. ನಿಮ್ಮ ಕ್ಲಬ್ಬಿನ ವಾಡಿಕೆ ಏನೆಂದು ಕೇಳಿ, ಅದರಂತೆ ಅಂಟಿಸಿ. ಒಮ್ಮೆ ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸುವಷ್ಟು ಬೇಸರದ ಕೆಲಸ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

3. ಚಿಕ್ಕ ಪಡೆಯಿಂದ ಆರಂಭಿಸಿ, ಅದನ್ನು ಮುಗಿಸಿ

ನಾಟಿಂಗ್‌ಹ್ಯಾಮ್ ಮತ್ತು ಅದರ ಸುತ್ತಮುತ್ತ ಪುಟಾಣಿ ಸೈನಿಕರನ್ನು ತಯಾರಿಸುವ ಉದ್ಯಮ ಎಷ್ಟು ದಟ್ಟವಾಗಿದೆಯೆಂದರೆ ಆ ಸೀಮೆಗೆ ‘ಲೆಡ್ ಬೆಲ್ಟ್’ (ಸೀಸದ ಪಟ್ಟಿ) ಎಂದೇ ಅಡ್ಡಹೆಸರು. ಗೇಮ್ಸ್ ವರ್ಕ್‌ಶಾಪ್, ವಾರ್‌ಲಾರ್ಡ್ ಗೇಮ್ಸ್, ಅವಳಿ ಸೋದರರಾದ ಅಲನ್ ಮತ್ತು ಮೈಕಲ್ ಪೆರಿ ಅವರ ಪೆರಿ ಮಿನಿಯೇಚರ್ಸ್ ಎಲ್ಲ ಅಲ್ಲಿಯವೇ. ಕಣ್ಣಿಗೆ ಕಂಡದ್ದೆಲ್ಲ ಬೇಕೆನಿಸುತ್ತದೆ. ಬಣ್ಣ ಕಾಣದ ಸೈನಿಕರ ಗುಡ್ಡೆ ಬೆಳೆಯುವುದು ಹೀಗೆಯೇ.

‘ಡಿಬಿಎ’ ಎಂದು ಎಲ್ಲರೂ ಕರೆಯುವ, 1990ರಲ್ಲಿ ಬಂದ ನಿಯಮಗಳಲ್ಲಿ ಒಂದು ಸೇನೆಗೆ ಹನ್ನೆರಡೇ ತುಕಡಿಗಳು. 15 ಮಿ.ಮೀ. ಗಾತ್ರದಲ್ಲಾದರೆ ಮೇಜು ಎರಡಡಿ ಚೌಕ ಸಾಕು, ಒಂದು ಗಂಟೆಯಲ್ಲಿ ಕಾಳಗ ಮುಗಿಯುತ್ತದೆ. ಹೊಸಬರಿಗೆ ಇದಕ್ಕಿಂತ ಸರಿಯಾದ ಗುರಿ ನನಗೆ ಕಾಣುವುದಿಲ್ಲ. ಭಾರತದಲ್ಲೇ ಇದ್ದು ಊಟದ ಮೇಜಿನ ಮೇಲೆ ಇಬ್ಬರು ಗೆಳೆಯರು ಶುರುಮಾಡುವುದಿದ್ದರೂ ಎರಡು ಪುಟ್ಟ ಸೇನೆಗಳು ಸಾಕು. ಹಣದ ಚಿಂತೆ ಇದ್ದವರಿಗೆ ಚಿತ್ರಕಾರ ಪೀಟರ್ ಡೆನಿಸ್ ರಚಿಸಿದ ಕಾಗದದ ಸೈನಿಕರ ಪುಸ್ತಕಗಳಿವೆ. ಕತ್ತರಿ, ಅಂಟು, ತಾಳ್ಮೆ ಇದ್ದರೆ ಒಂದಿಡೀ ಸೇನೆ ಎದ್ದು ನಿಲ್ಲುತ್ತದೆ.

4. ಮೂರಡಿ ದೂರದಿಂದ ಕಾಣುವುದಕ್ಕೆ ಬಣ್ಣ ಕೊಡಿ

ಪ್ರದರ್ಶನದ ಒಂಟಿ ಗೊಂಬೆಗೆ ಬಣ್ಣ ಕೊಡುವುದು ಬೇರೆ ಕಲೆ. ಆಟದ ಸೇನೆಯನ್ನು ಜನ ಮೂರಡಿ ದೂರದಿಂದ, ಒಟ್ಟಾಗಿ ನೋಡುತ್ತಾರೆ. ದಸರಾ ಗೊಂಬೆ ಕೂರಿಸಿದ ಮನೆಗೆ ಬಂದವರು ಮೊದಲು ಇಡೀ ಮೆಟ್ಟಿಲ ಸಾಲನ್ನು ಕಂಡು, ಆಮೇಲಷ್ಟೇ ಒಂದೊಂದು ಗೊಂಬೆಗೆ ಬಾಗುವಂತೆ. ಹಾಗಾಗಿ ಮುಖ, ಬಿಳಿ ಅಡ್ಡಪಟ್ಟಿ, ಬಾವುಟ ಮತ್ತು ನಿಂತ ನೆಲ, ಈ ನಾಲ್ಕಕ್ಕೆ ಗಮನ ಕೊಟ್ಟರೆ ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ಎಂಟರಿಂದ ಹನ್ನೆರಡು ಸೈನಿಕರನ್ನು ಒಂದು ಕಡ್ಡಿಗೆ ಸಾಲಾಗಿ ಅಂಟಿಸಿಕೊಳ್ಳಿ. ಮೊದಲು ತಳಬಣ್ಣ. ಬ್ರಿಟಿಷ್ ಕೆಂಪು ಕೋಟು, ಹಳದಿ ಅಂಚು ಇರುವವರಿಗೆ ಬಿಳಿ ಅಥವಾ ಬೂದು ತಳವೇ ಸರಿ, ಕಪ್ಪಿನ ಮೇಲೆ ಕೆಂಪು ಮಂಕಾಗುತ್ತದೆ. ಆಮೇಲೆ ಎಲ್ಲರ ಕೋಟು, ಎಲ್ಲರ ಪ್ಯಾಂಟು, ಎಲ್ಲರ ಬಂದೂಕು, ಹೀಗೆ ಒಂದೊಂದೇ ಬಣ್ಣ ಮುಗಿಸುತ್ತ ಹೋಗಿ. ತೆಳ್ಳನೆಯ ಕಂದು ಬಣ್ಣ ಹರಿಸಿದರೆ ಮಡಿಕೆಗಳಲ್ಲಿ ನೆರಳು ಕೂರುತ್ತದೆ. ಒಣಗಿದ ಮೇಲೆ ಎತ್ತರದ ಜಾಗಗಳಿಗೆ ತಿಳಿ ಬಣ್ಣದ ಒಣ ಕುಂಚ ತೀಡಿ. ಕೊನೆಗೆ ಹೊಳಪಿಲ್ಲದ ವಾರ್ನಿಶ್ ತಪ್ಪಿಸಬೇಡಿ. ನೂರು ಬೆರಳು ಮುಟ್ಟುವ ಸೈನಿಕನಿಗೆ ಅದೇ ಕವಚ. ತಟ್ಟೆಗೆ ಅಂಟು, ಮರಳು, ಒಂದಿಷ್ಟು ಕೃತಕ ಹುಲ್ಲು ಬಿದ್ದಾಗ ಸಾಧಾರಣ ಕೆಲಸವೂ ಸೇನೆಯಾಗಿ ಕಾಣುತ್ತದೆ.

ಹಳೆಯ ಲೋಹದ ಸೈನಿಕರಲ್ಲಿ ಸೀಸ ಇರುತ್ತದೆ. ಅರ ಹಾಕಿ ಉಜ್ಜಿದ ಮೇಲೆ ಕೈ ತೊಳೆಯಿರಿ, ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ.

5. ಇನ್ನೊಬ್ಬರ ಸಮವಸ್ತ್ರದ ಗುಂಡಿ ಎಣಿಸಬೇಡಿ

ಎದುರಿನವರು ಬಣ್ಣ ಕೊಟ್ಟ ರೆಜಿಮೆಂಟಿನ ಕಾಲರು 1812ರಲ್ಲಿ ಬೇರೆ ಬಣ್ಣದ್ದೆಂದು ನಿಮಗೆ ಗೊತ್ತಿರಬಹುದು. ಅವರು ಕೇಳಿದರೆ ಹೇಳಿ.

6. ನಿಯಮಪುಸ್ತಕವನ್ನು ಒಂದು ಹಾಳೆಗೆ ಇಳಿಸಿ

ನಡಿಗೆಯ ದೂರ, ಗುಂಡಿನ ದೂರ, ಕೈಕೈ ಮಿಲಾಯಿಸುವ ಕ್ರಮ, ಏಟು ತಿಂದ ತುಕಡಿ ನಿಲ್ಲುತ್ತದೆಯೋ ಓಡುತ್ತದೆಯೋ ಎಂಬ ಧೈರ್ಯ ಪರೀಕ್ಷೆ, ಇಷ್ಟನ್ನು ನಿಮ್ಮದೇ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲೇ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವಾಗಲೇ ಮುಕ್ಕಾಲು ಪಾಲು ನೆನಪಿನಲ್ಲಿ ನಿಲ್ಲುತ್ತದೆ. ಆಡುವಾಗ ಪುಟ ತಿರುವುವುದು ಕಡಿಮೆಯಾದಷ್ಟೂ ಎದುರಿನವರ ಸಂಜೆ ಚೆನ್ನಾಗಿರುತ್ತದೆ.

7. ಅತಿ ಮುಖ್ಯ ಆಜ್ಞೆಯನ್ನು ಮೊದಲು ಕೊಡಿ

ಚದುರಂಗದಲ್ಲಿ ನೀವು ಹೇಳಿದ ಕಾಯಿ ನಡೆದೇ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಅಥವಾ ನೀವು ನೆನೆಸದಷ್ಟು ದೂರ ನಡೆದುಬಿಡುತ್ತದೆ. ಈ ಆಟದ ಜೀವ ಅಲ್ಲಿದೆ.

ರಿಕ್ ಪ್ರೀಸ್ಟ್ಲಿ ಮತ್ತು ಜರ್ವಿಸ್ ಜಾನ್ಸನ್ ಬರೆದ ‘ಬ್ಲ್ಯಾಕ್ ಪೌಡರ್’ ನಿಯಮಗಳಲ್ಲಿ ಸೇನಾಪತಿ ತನ್ನ ಆಜ್ಞೆಯನ್ನು ಗಟ್ಟಿಯಾಗಿ ಹೇಳಿ ಎರಡು ದಾಳ ಎಸೆಯಬೇಕು. ಅವನ ಯೋಗ್ಯತೆ 8 ಎಂದಿದ್ದರೆ ಮೊತ್ತ 8 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ತಪ್ಪಿದರೆ ಆ ಸರದಿಯಲ್ಲಿ ಅವನ ಮುಂದಿನ ಆಜ್ಞೆಗಳೂ ನಿಂತವು. ಎರಡೂ ದಾಳ ಆರು ಬಿದ್ದರೆ ಎಡವಟ್ಟು, ತುಕಡಿ ಎತ್ತಲೋ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ದಾಳಗಳ 36 ಸಾಧ್ಯತೆಗಳಲ್ಲಿ 26 ನಿಮ್ಮ ಪರ, ಅಂದರೆ ಶೇಕಡಾ 72. ಒಳ್ಳೆಯ ಅವಕಾಶವೇ. ಆದರೆ ಮೂರು ಆಜ್ಞೆಗಳು ಒಂದರ ಹಿಂದೊಂದು ಫಲಿಸಲೇಬೇಕಾದ ಯೋಜನೆ ನಿಮ್ಮದಾದರೆ ಅವಕಾಶ ಶೇಕಡಾ 38ಕ್ಕೆ ಕುಸಿಯುತ್ತದೆ. ಜಾಣ ಯೋಜನೆಗಳು ಹೆಚ್ಚಾಗಿ ಸೋಲುವುದು ಇದೇ ಕಾರಣಕ್ಕೆ.

ಇದನ್ನು ನಿಯಮ ಬರೆದವರ ಕಿತಾಪತಿ ಎಂದುಕೊಳ್ಳಬೇಡಿ. ವಾಟರ್‌ಲೂಗೆ ಎರಡು ದಿನ ಮೊದಲು, 1815ರ ಜೂನ್ 16ರಂದು, ಫ್ರೆಂಚ್ ಜನರಲ್ ದೆರ್ಲೋನ್ ಸುಮಾರು 20,000 ಜನರ ಪಡೆಯೊಡನೆ ಕಾತ್ರ್ ಬ್ರಾ ಮತ್ತು ಲಿನ್ಯಿ ಎಂಬ ಎರಡು ರಣರಂಗಗಳ ನಡುವೆ ಇಡೀ ಮಧ್ಯಾಹ್ನ ಅತ್ತಿಂದಿತ್ತ ನಡೆದರು. ಒಬ್ಬರ ಆಜ್ಞೆ ಇತ್ತ ಎಳೆಯಿತು, ಇನ್ನೊಬ್ಬರದು ಅತ್ತ. ಎರಡು ಕಾಳಗಗಳಲ್ಲಿ ಒಂದಕ್ಕೂ ಆ ಪಡೆ ಒದಗಲಿಲ್ಲ. ಕೈತಪ್ಪಿದ ಒಂದು ಆಜ್ಞೆಗೆ ಅಷ್ಟು ಬೆಲೆ ಇತ್ತೆಂಬುದು ಪುಸ್ತಕ ಓದಿದಾಗ ತಲೆಗೆ ಹೋಗುತ್ತದೆ. ನಿಮ್ಮದೇ ದಾಳ ತಪ್ಪಿ, ನಿಮ್ಮದೇ ಬ್ರಿಗೇಡು ಮೇಜಿನ ನಡುವೆ ಸುಮ್ಮನೆ ನಿಂತಾಗ ಮೈಗೂ ಹತ್ತುತ್ತದೆ.

8. ಶತ್ರುವಿಗಿಂತ ಮೊದಲು ನೆಲವನ್ನು ಓದಿ

1803ರ ಸೆಪ್ಟೆಂಬರ್ 23, ಅಸ್ಸಾಯೆ. ಮರಾಠ ದೊರೆಗಳಾದ ಸಿಂಧಿಯಾ ಮತ್ತು ಬೇರಾರ್ ರಾಜನ ಸೇನೆ ಕೈಟ್ನಾ ನದಿಯ ಆಚೆ ದಡದಲ್ಲಿ ಬಲವಾಗಿ ನಿಂತಿತ್ತು. ದಾರಿ ತೋರುವವರು ಹತ್ತಿರದಲ್ಲಿ ದಾಟುವ ಜಾಗವೇ ಇಲ್ಲ ಎಂದರು. ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಸ್ಲಿ ದುರ್ಬೀನಿನಲ್ಲಿ ನೋಡಿದಾಗ ಎರಡು ದಡಗಳಲ್ಲಿ ಎರಡು ಹಳ್ಳಿಗಳು ಎದುರುಬದುರು ಕಂಡವು. ಎದುರುಬದುರಾಗಿ ಹಳ್ಳಿ ಬೆಳೆಯಬೇಕಾದರೆ ಜನ ದಾಟುವ ಜಾಗ ಇರಲೇಬೇಕೆಂದು ಅವನು ತರ್ಕಿಸಿದ, ಆಳು ಕಳಿಸಿದ, ಜಾಗ ಸಿಕ್ಕಿತು, ಸೇನೆ ಅಲ್ಲೇ ನದಿ ದಾಟಿ ಎದುರಾಳಿಯ ಪಕ್ಕಕ್ಕೆ ಬಂತು. ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಅಂದು ವೆಲ್ಸ್ಲಿಯ ಜೊತೆಗಿತ್ತು.

ಮೇಜಿನ ಮೇಲೂ ಹೀಗೆ ನೋಡಬೇಕು. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನಿಮ್ಮ ಫಿರಂಗಿಗೆ ನಿಜವಾಗಿ ಏನು ಕಾಣುತ್ತದೆ ನೋಡಿ. ಯಾವ ಗುಡ್ಡದ ಹಿಂದೆ ಒಂದು ಬ್ರಿಗೇಡು ಅಡಗಬಲ್ಲದು? ಯಾವ ಸೇತುವೆ ಇಲ್ಲದೆ ನಿಮ್ಮ ಬಲಪಕ್ಕ ಒಂಟಿಯಾಗುತ್ತದೆ?

ಇದರ ಜೊತೆಗೆ ಇನ್ನೊಂದು: ಮೊದಲ ದಾಳಕ್ಕೆ ಮುನ್ನ ಎದುರಾಳಿಯೊಡನೆ ಮೇಜನ್ನು ಒಮ್ಮೆ ಸುತ್ತಿ, ಪ್ರತಿಯೊಂದರ ಬಗ್ಗೆಯೂ ಒಪ್ಪಂದ ಮಾಡಿಕೊಳ್ಳಿ. ಈ ಹಳ್ಳ ಎಲ್ಲ ಕಡೆ ದಾಟಬಹುದೇ? ಈ ಕಾಡಿನ ಅಂಚು ಎಲ್ಲಿಗೆ ಮುಗಿಯುತ್ತದೆ? ಈ ಬೇಲಿ ಗುಂಡಿಗೆ ಮರೆಯೇ? ಐದು ನಿಮಿಷದ ಈ ಸುತ್ತು ಒಂಬತ್ತು ಗಂಟೆಯ ಹೊತ್ತಿನ ಜಗಳವನ್ನು ತಪ್ಪಿಸುತ್ತದೆ.

9. ಗೆದ್ದ ಅಶ್ವದಳವನ್ನು ಹಿಂದಕ್ಕೆ ಕರೆಯಿರಿ, ಒಂದು ದಳವನ್ನು ಕೈಯಲ್ಲಿಟ್ಟುಕೊಳ್ಳಿ

ಇಂಗ್ಲಿಷ್ ಅಂತರ್ಯುದ್ಧದ ನೇಸ್ಬಿ, 1645ರ ಜೂನ್ 14. ರಾಜನ ಕಡೆಯ ಪ್ರಿನ್ಸ್ ರೂಪರ್ಟ್ ಬಲಪಕ್ಕದ ಅಶ್ವದಳವನ್ನು ತಾನೇ ಮುನ್ನಡೆಸಿ ಎದುರಿದ್ದ ಸಾಲನ್ನು ಒಡೆದ. ಒಡೆದವನು ನಿಲ್ಲಲಿಲ್ಲ. ಅವನ ಸವಾರರು ಶತ್ರುವಿನ ಸಾಮಾನು ಬಂಡಿಗಳವರೆಗೂ ನುಗ್ಗಿಹೋದರು. ಮೈದಾನದ ಇನ್ನೊಂದು ಪಕ್ಕದಲ್ಲಿ ಪಾರ್ಲಿಮೆಂಟ್ ಕಡೆಯ ಕ್ರಾಮ್ವೆಲ್ ಕೂಡ ತನ್ನೆದುರಿನ ಕುದುರೆಗಳನ್ನು ಸೋಲಿಸಿದ. ಆದರೆ ಅವನು ಒಂದು ಭಾಗವನ್ನಷ್ಟೇ ಬೆನ್ನಟ್ಟಲು ಬಿಟ್ಟು ಉಳಿದವರನ್ನು ರಾಜನ ಕಾಲಾಳುಗಳ ಮೇಲೆ ತಿರುಗಿಸಿದ. ರೂಪರ್ಟ್ ವಾಪಸ್ಸು ಬರುವ ಹೊತ್ತಿಗೆ ರಾಜನ ಕಾಲಾಳು ಪಡೆ ಉಳಿದಿರಲಿಲ್ಲ.

ಒಂದೇ ಮೈದಾನ, ಒಂದೇ ದಿನ, ಎರಡು ಅಶ್ವದಳಗಳು, ಎರಡು ನಡತೆ. ಆ ಅಂತರ್ಯುದ್ಧದ ಎಷ್ಟೋ ನಿಯಮಗಳಲ್ಲಿ ಬೆನ್ನಟ್ಟುವ ಸವಾರರನ್ನು ತಡೆಯಲು ಒಂದು ದಾಳ ಇರುತ್ತದೆ. ಆ ದಾಳ ಗೆಲ್ಲುವ ಸೇನಾಪತಿಯನ್ನು ಕುದುರೆಗಳ ಹತ್ತಿರ ನಿಲ್ಲಿಸಿ. ಮತ್ತೆ, ಕನಿಷ್ಠ ಒಂದು ತುಕಡಿಯನ್ನು ಸಾಲಿನ ಹಿಂದೆ ಏನೂ ಮಾಡದೆ ನಿಲ್ಲಿಸಿಕೊಳ್ಳಿ. ಹೊಸಬರಿಗೆ ಇದು ಕಷ್ಟ, ಎಲ್ಲವನ್ನೂ ಮುಂದೆ ತಳ್ಳುವ ಆಸೆ. ಕೊನೆಯ ಎರಡು ಸರದಿಗಳಲ್ಲಿ ದಣಿಯದ ಒಂದು ದಳ ಉಳಿದವನೇ ಬಹುಮಟ್ಟಿಗೆ ಗೆಲ್ಲುವುದು.

10. ಒಂದು ತೋಟದ ಮನೆಗೆ ಇಡೀ ಸೇನೆಯನ್ನು ಸುರಿಯಬೇಡಿ

ವಾಟರ್‌ಲೂನ ಊಗುಮೋಂ ತೋಟದ ಮೇಲೆ ಫ್ರೆಂಚರ ದಾಳಿ ಶುರುವಾದದ್ದು ಎದುರಾಳಿಯ ಗಮನ ಸೆಳೆಯಲೆಂದು. ನೆಪೋಲಿಯನ್ನನ ತಮ್ಮ ಜೆರೋಮ್ ಅದರ ಗೋಡೆಗೆ ಬೆಟಾಲಿಯನ್ ಮೇಲೆ ಬೆಟಾಲಿಯನ್ ಕಳಿಸುತ್ತಲೇ ಹೋದ. ಸಂಜೆಯವರೆಗೂ ತೋಟ ಬೀಳಲಿಲ್ಲ. ಆಟ ಶುರುವಾಗುವಾಗ ನಿಮ್ಮ ಗುರಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಪ್ರತಿ ಎರಡು ಸರದಿಗೊಮ್ಮೆ ತೆಗೆದು ಓದಿ.

11. ದಾಳವನ್ನು ಎಲ್ಲರಿಗೂ ಕಾಣುವಂತೆ ಎಸೆಯಿರಿ

ಎಷ್ಟು ಬೇಕೆಂದು ಮೊದಲು ಹೇಳಿ, ಆಮೇಲೆ ಎಸೆಯಿರಿ. ವಾರೆ ಬಿದ್ದ ದಾಳವನ್ನು, ನೆಲಕ್ಕೆ ಬಿದ್ದ ದಾಳವನ್ನು ಮತ್ತೆ ಎಸೆಯುವುದು ವಾಡಿಕೆ. ಅದು ನಿಮಗೆ ಆರು ತಂದಿದ್ದರೂ ಸರಿ. ದುರದೃಷ್ಟದ ಬಗ್ಗೆ ಒಮ್ಮೆ ನಿಟ್ಟುಸಿರು ಬಿಡಿ, ಅಲ್ಲಿಗೆ ಸಾಕು. ಸಂಜೆಯಿಡೀ ದಾಳವನ್ನು ಬೈಯುವವರೊಡನೆ ಮತ್ತೆ ಆಡಲು ಯಾರಿಗೂ ಮನಸ್ಸಾಗುವುದಿಲ್ಲ.

12. ಉದ್ದೇಶವನ್ನು ಬಾಯಿಬಿಟ್ಟು ಹೇಳಿ

‘ಈ ತುಕಡಿಯನ್ನು ನಿಮ್ಮ ಬಂದೂಕಿನ ಗುರಿಗೆ ಸ್ವಲ್ಪವೇ ಹೊರಗೆ ನಿಲ್ಲಿಸುತ್ತಿದ್ದೇನೆ, ಸರಿಯೇ?’ ಎಂದು ಕೇಳಿ, ಅವರು ಒಪ್ಪಿದ ಮೇಲೆ ಕೈ ತೆಗೆಯಿರಿ. ಕಾಲು ಅಂಗುಲದ ಅಳತೆಗೆ ಮುಂದೆ ತಕರಾರು ಏಳುವುದಿಲ್ಲ. ಬಟ್ಟೆ ಜಗ್ಗುತ್ತದೆ, ತೋಳು ತಾಗುತ್ತದೆ, ಸೈನಿಕರು ಅಷ್ಟಿಷ್ಟು ಸರಿಯುತ್ತಾರೆ. ಆಗ ಉಳಿಯುವುದು ಆ ಮಾತೇ.

ನಿಯಮದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಎರಡು ನಿಮಿಷ ಹುಡುಕಿ. ಸಿಗದಿದ್ದರೆ ಒಂದು ದಾಳ ಎಸೆದು, 1ರಿಂದ 3 ನಿಮ್ಮ ಅರ್ಥ, 4ರಿಂದ 6 ಅವರ ಅರ್ಥ ಎಂದು ಮುಂದೆ ಸಾಗಿ. ಆಟ ಮುಗಿದ ಮೇಲೆ ಪುಸ್ತಕ ತೆರೆದು ಸರಿಯಾದದ್ದನ್ನು ಒಟ್ಟಿಗೆ ಕಂಡುಕೊಳ್ಳಿ. ಆಗಲೂ ಎರಡು ಅರ್ಥಗಳು ಸಮಬಲವಾಗಿ ಕಂಡರೆ ಎದುರಾಳಿಗೆ ಬಿಟ್ಟುಕೊಡಿ. ಬಿಟ್ಟುಕೊಟ್ಟವರನ್ನು ಕ್ಲಬ್ಬು ಬಹುಕಾಲ ನೆನಪಿಡುತ್ತದೆ.

13. ಕಾಳಗ ಮುಗಿಯುವಂತೆ ನೋಡಿಕೊಳ್ಳಿ

ಏಳು ಗಂಟೆಗೆ ಬಾಗಿಲು ತೆರೆದು ಹತ್ತಕ್ಕೆ ಮುಚ್ಚುವ ಹಾಲಿನಲ್ಲಿ ನಿಜವಾಗಿ ಆಡಲು ಸಿಗುವುದು ಎರಡು ಗಂಟೆ ಚಿಲ್ಲರೆ. ಅರ್ಧಕ್ಕೆ ನಿಂತ ಕಾಳಗದಷ್ಟು ಬೇಸರ ಇನ್ನೊಂದಿಲ್ಲ. ಎರಡು ಸಾಲುಗಳು ಈಗಷ್ಟೇ ತಾಗಿವೆ, ಅಷ್ಟರಲ್ಲಿ ಕಾವಲಿನವರು ಬೀಗದ ಕೈ ಹಿಡಿದು ಬಂದು ನಿಲ್ಲುತ್ತಾರೆ. ಆದ್ದರಿಂದ ಆಸೆಗಿಂತ ಮೂರನೇ ಒಂದು ಪಾಲು ಕಡಿಮೆ ಪಡೆ ತನ್ನಿ. ಎರಡು ಸೇನೆಗಳನ್ನು ಮೇಜಿನ ಅಂಚುಗಳಲ್ಲಿ ನಿಲ್ಲಿಸುವ ಬದಲು ಗುಂಡಿನ ದೂರಕ್ಕೆ ಹತ್ತಿರ ನಿಲ್ಲಿಸಿ. ಇಷ್ಟು ಸರದಿ ಎಂದು ಮೊದಲೇ ಗೊತ್ತುಮಾಡಿ. ಯಾವ ಜಾಗ ಹಿಡಿದರೆ ಯಾರ ಗೆಲುವು ಎಂದೂ ಗೊತ್ತುಮಾಡಿ. ಹೊಸಬರಿಗೆ ಯಾರೂ ಹೇಳಿಕೊಡದ, ಆದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸೂತ್ರ ಇದೇ ಎಂದು ನನ್ನ ಅನಿಸಿಕೆ.

ಬೀಗ ಬೀಳುವ ಮುನ್ನ ಕುರ್ಚಿ ಮಡಚಲು, ಮೇಜು ಒರಗಿಸಲು, ಕಪ್ಪು ತೊಳೆಯಲು ಕೈಜೋಡಿಸಿ. ತಿಂಗಳ ವಂತಿಗೆಯನ್ನು ಕೇಳಿಸಿಕೊಳ್ಳದೆ ಕೊಡಿ. ಆ ಹಣ ಹೋಗುವುದು ಹಾಲಿನ ಬಾಡಿಗೆಗೆ, ಅದಿಲ್ಲದೆ ಕ್ಲಬ್ಬಿಲ್ಲ.

14. ನಿಮ್ಮೂರಿನ ಯುದ್ಧವನ್ನು ಮೇಜಿಗೆ ತನ್ನಿ

ಕೆಲವು ತಿಂಗಳು ಕಳೆದ ಮೇಲೆ ನೀವೇ ಒಂದು ಕಾಳಗವನ್ನು ರೂಪಿಸಿ ನಡೆಸಿಕೊಡಿ. ವಾಟರ್‌ಲೂ ಬಗ್ಗೆ ಅಲ್ಲಿನವರಿಗೆ ಗೊತ್ತಿಲ್ಲದ್ದನ್ನು ನಾವು ಹೇಳುವುದು ಕಷ್ಟ. ಪೊಳ್ಳಿಲೂರಿನ ಬಗ್ಗೆ ಹಾಗಲ್ಲ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಸುತ್ತುವರಿದರು. ಬೈಲಿಯ ಬಳಿ ಇದ್ದದ್ದು ಸುಮಾರು 3,800 ಜನ. ಸರ್ ಹೆಕ್ಟರ್ ಮನ್ರೋ ದೊಡ್ಡ ಸೇನೆಯೊಡನೆ ಹತ್ತಿರದ ಕಾಂಚೀಪುರದಲ್ಲೇ ಇದ್ದರೂ ಸಮಯಕ್ಕೆ ಬಂದು ತಲುಪಲಿಲ್ಲ. ಮದ್ದಿನ ಬಂಡಿಗಳು ಸಿಡಿದವು, ಚೌಕಾಕಾರದ ವ್ಯೂಹ ಒಡೆಯಿತು, ಬೈಲಿ ಸೆರೆಯಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಭಾರತದಲ್ಲಿ ಕಂಪನಿ ಸೇನೆ ಕಂಡ ಅತಿ ದೊಡ್ಡ ಸೋಲುಗಳಲ್ಲಿ ಇದೊಂದು.

ಇದನ್ನು ಆಟವಾಗಿಸುವುದು ಹೇಗೆ? ಒಬ್ಬ ಸೈನಿಕ 50 ಜನರಿಗೆ ಸಮ ಎಂದಿಟ್ಟುಕೊಂಡರೆ ಬೈಲಿಯ ಕಡೆ 76 ಸೈನಿಕರು ಸಾಕು. ಹೈದರನ ಸೇನೆಯನ್ನು ಪೂರ್ತಿ ನಿಲ್ಲಿಸಲು ಯಾವ ಮೇಜೂ ಸಾಲದು. ಹಾಗಾಗಿ ಮೈಸೂರಿನ ಅಶ್ವದಳ ನಾಶವಾದಷ್ಟೂ ಮೇಜಿನ ಅಂಚಿನಿಂದ ಹೊಸದಾಗಿ ಬರಲಿ. ಬೈಲಿ ಗೆಲ್ಲುವುದು ಅಸಾಧ್ಯ. ಅದಕ್ಕೇ ಗೆಲುವಿನ ಅಳತೆಯನ್ನು ಬದಲಿಸಿ: ಎಷ್ಟು ಸರದಿ ಉಳಿದ, ಎಷ್ಟು ಜನರನ್ನು ರಸ್ತೆಯ ಆ ತುದಿಗೆ ಮುಟ್ಟಿಸಿದ. ಮನ್ರೋ ಬರುತ್ತಾನೋ ಇಲ್ಲವೋ ಎಂಬುದಕ್ಕೆ ಪ್ರತಿ ಸರದಿ ಒಂದು ದಾಳ, ಅದು ಬೈಲಿಯ ಆಟಗಾರನ ಆಸೆಯನ್ನು ಕೊನೆಯವರೆಗೂ ಜೀವಂತವಾಗಿಡುತ್ತದೆ. ಮದ್ದಿನ ಬಂಡಿಯ ಹತ್ತಿರ ರಾಕೆಟ್ ಬಿದ್ದರೆ ಇನ್ನೊಂದು ದಾಳ.

ಮೈಸೂರು ರಾಕೆಟ್‌ಗೆ ಪ್ರತ್ಯೇಕ ನಿಯಮವೇ ಬೇಕು. ಕಬ್ಬಿಣದ ಕೊಳವೆಯಿಂದಾಗಿ ಅದು ಹೆಚ್ಚು ದೂರ ಹಾರುತ್ತಿತ್ತು, ಆದರೆ ಎಲ್ಲಿ ಬೀಳುತ್ತದೆಂದು ಹಾರಿಸಿದವನಿಗೂ ಖಾತ್ರಿಯಿರಲಿಲ್ಲ. ಒಂದು ದಾಳ ದಿಕ್ಕಿಗೆ, ಎರಡು ದಾಳ ದೂರಕ್ಕೆ. ಬಿದ್ದಲ್ಲಿ ಸಾವಿಗಿಂತ ಹೆಚ್ಚಾಗಿ ಗಲಿಬಿಲಿ, ಬೆದರುವ ಕುದುರೆಗಳು, ಬಂಡಿಯ ಎತ್ತುಗಳು. ಇಂಗ್ಲೆಂಡಿನ ವುಲ್‌ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳಿಗೆ ಇವೇ ಸ್ಫೂರ್ತಿ ಎಂದು ಹೇಳಿದಾಗ ಆಟ ಒಂದು ಗಳಿಗೆ ನಿಲ್ಲುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಳೆಯ ಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವೆಂಬುದನ್ನೂ ಸೇರಿಸಿ.

ಬಣ್ಣಕ್ಕೆ ಆಧಾರ ಬೇಕಾದರೆ ಊರಿಗೆ ಬಂದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋಗಿ, ಪಡುವಣ ಗೋಡೆಯ ಮುಂದೆ ನಿಧಾನವಾಗಿ ನಿಲ್ಲಿ. ಪೊಳ್ಳಿಲೂರಿನ ಕಾಳಗದ ಚಿತ್ರವೇ ಅಲ್ಲಿದೆ: ಪಲ್ಲಕ್ಕಿಯಲ್ಲಿ ಬೈಲಿ, ಕೆಂಪು ಕೋಟಿನವರ ಚೌಕ, ಸಿಡಿಯುವ ಮದ್ದಿನ ಬಂಡಿ. ಗೆದ್ದವರು ಬರೆಯಿಸಿದ ಚಿತ್ರ ಅದು, ಮುಂದೆ ಬೇರೆ ಕೈಗಳು ತಿದ್ದಿ ಬಣ್ಣ ತುಂಬಿವೆ ಎಂಬ ಎಚ್ಚರವಿರಲಿ. ಆದರೂ ಅಷ್ಟು ಹತ್ತಿರದ ಸಾಕ್ಷಿ ಬೇರೆ ಯಾವ ಕಾಳಗಕ್ಕೆ ಸಿಗುತ್ತದೆ?

15. ಸತ್ತವರನ್ನು ಮರೆಯಬೇಡಿ

ವೆಲ್ಸ್ ತನ್ನ ಪುಸ್ತಕ ಪ್ರಕಟಿಸಿದ ಮರುವರ್ಷವೇ ಮೊದಲ ಮಹಾಯುದ್ಧ ಬಂತು. ನಿಜವಾದ ಯುದ್ಧಕ್ಕಿಂತ ಆಟಿಕೆಯ ಯುದ್ಧ ಎಷ್ಟೋ ಮೇಲೆಂದು ಅದೇ ಪುಸ್ತಕದ ಕೊನೆಯಲ್ಲಿ ಅವರು ವಾದಿಸಿದ್ದರು. ನೀವು ಮೇಜಿನಿಂದ ಎತ್ತಿಡುವ ಪ್ರತಿ ತುಕಡಿಯ ಹಿಂದೆ ಹೆಸರಿದ್ದ ಜನರಿದ್ದರು. ನಿಮ್ಮೆದುರು ಕೂತವರ ಅಜ್ಜ ನಾರ್ಮಂಡಿಯಲ್ಲಿ ಇದ್ದಿರಬಹುದು, ಇಂಫಾಲದಲ್ಲಿ ಇದ್ದಿರಬಹುದು. ಕೇಕೆ ಹಾಕುವ ಮುನ್ನ ಅಷ್ಟು ನೆನಪಿರಲಿ. ಯಾರಿಗಾದರೂ ಯಾವುದಾದರೂ ಯುದ್ಧ ಆಡಲು ಮನಸ್ಸಿಲ್ಲವೆಂದರೆ ಕಾರಣ ಕೇಳಬೇಡಿ, ಬೇರೆ ಯುದ್ಧ ಆರಿಸಿ. ಕ್ಲಬ್ಬಿನವರ ಜೊತೆ ಒಮ್ಮೆ ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. ವಿಲಿಯಂ ಸೈಬೋರ್ನ್ ತಯಾರಿಸಿ 1838ರಲ್ಲಿ ಜನರ ಮುಂದಿಟ್ಟ ವಾಟರ್‌ಲೂ ಮಾದರಿ ಅಲ್ಲಿದೆ, 70,000ಕ್ಕೂ ಹೆಚ್ಚು ತವರದ ಸೈನಿಕರೊಡನೆ. ಮೇಜಿನ ಮೇಲೆ ನಾವು ಎಷ್ಟನ್ನು ಬಿಟ್ಟು ಆಡುತ್ತೇವೆಂದು ಅದನ್ನು ನೋಡಿದಾಗ ಕಣ್ಣಿಗೆ ಕಟ್ಟುತ್ತದೆ.

16. ಹೊರಡುವ ಮುನ್ನ ಮುಂದಿನ ಆಟ ಗೊತ್ತುಮಾಡಿ

ಆಟ ಮುಗಿದ ಕೂಡಲೇ ಸೈನಿಕರನ್ನು ಪೆಟ್ಟಿಗೆಗೆ ತುಂಬಬೇಡಿ. ಹತ್ತು ನಿಮಿಷ ಮೇಜಿನ ಬಳಿಯೇ ನಿಂತು, ಯಾವ ಗಳಿಗೆಯಲ್ಲಿ ಕಾಳಗ ತಿರುಗಿತು ಎಂದು ಇಬ್ಬರೂ ಮಾತನಾಡಿ. ಸೋತವರು ಮೊದಲು ಮಾತನಾಡಲಿ, ಅವರು ಕಂಡದ್ದು ಗೆದ್ದವರಿಗೆ ಕಂಡಿರುವುದಿಲ್ಲ. ಬುಡಕ್ಕೆ ಆಯಸ್ಕಾಂತದ ಹಾಳೆ ಅಂಟಿಸಿ ತಗಡಿನ ತಳದ ಪೆಟ್ಟಿಗೆಯಲ್ಲಿಟ್ಟರೆ ಬಸ್ಸಿನ ಕುಲುಕಿಗೆ ಬಯೊನೆಟ್ಟು ಮುರಿಯುವುದಿಲ್ಲ. ಆಮೇಲೆ ಕೋಟು ಹಾಕಿಕೊಳ್ಳುವ ಮುನ್ನ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ತಾರೀಖು, ಯಾವ ನಿಯಮ, ಯಾರದು ಎಷ್ಟು ಪಡೆ, ಗುಡ್ಡ ಮತ್ತು ಮರಗಳನ್ನು ತರುವವರು ಯಾರು. ಹೊಸಬರು ಯಾರಾದರೂ ಬಾಗಿಲ ಬಳಿ ನಿಂತು ನೋಡುತ್ತಿದ್ದರೆ, ಮುಂದಿನ ವಾರಕ್ಕೆ ನಿಮ್ಮ ಎಡಪಕ್ಕದ ಬ್ರಿಗೇಡನ್ನು ಅವರ ಹೆಸರಿಗೆ ಬರೆದುಬಿಡಿ.